ಅರ್ಧಕ್ಕೆ ನಿಂತ ಕೌದಿಯೂ ಉಳಿದ ತುಂಡು ಬಟ್ಟೆಗಳೂ

ಕೌದಿ ಹೊಲಿಯುವವರ ಕಪಾಟಿನಲ್ಲಿ ಸಾಮಾನ್ಯವಾಗಿ ಎರಡು ಗಂಟುಗಳು ಬೆಳೆಯುತ್ತಿರುತ್ತವೆ. ಒಂದರಲ್ಲಿ ಕತ್ತರಿಸಿ ಉಳಿದ ತುಂಡುಗಳು, ಇನ್ನೊಂದರಲ್ಲಿ ಹೊಲಿಯುತ್ತ ಹೊಲಿಯುತ್ತ ಅರ್ಧಕ್ಕೆ ಬಿಟ್ಟ ಕೌದಿಗಳು. ತುಂಡುಗಳನ್ನು ಖಾಲಿ ಮಾಡಬೇಕೆಂದು ಹೊಸದೊಂದು ಕೌದಿಯನ್ನು ಆರಂಭಿಸಿದರೆ ಸ್ವಲ್ಪ ಕಾಲದಲ್ಲಿ ಅದೂ ಎರಡನೆಯ ಗಂಟನ್ನು ಸೇರುತ್ತದೆ, ಅದರಿಂದ ಉಳಿದ ಚೂರುಗಳು ಮತ್ತೆ ಮೊದಲನೆಯ ಗಂಟಿಗೆ ಹೋಗುತ್ತವೆ. ಆದ್ದರಿಂದ ತುಂಡು ಬಟ್ಟೆಯ ಮೇಲಿನ ಮೊದಲ ಹಕ್ಕು ನಿಂತುಹೋದ ಕೌದಿಯದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಡಿಮೆ ಬಿದ್ದ ಬ್ಲಾಕ್ (ತುಂಡುಗಳನ್ನು ಜೋಡಿಸಿ ಮಾಡಿದ, ಮೇಲ್ಪದರದ ಒಂದೊಂದು ಚೌಕ), ಸಾಲದೆ ಹೋದ ಅಂಚು, ಅಗಲ ಸಾಲದ ಹಿಂಬದಿ, ಸುತ್ತುಪಟ್ಟಿ (ಕೊನೆಗೆ ಕೌದಿಯ ಹೊರ ಅಂಚನ್ನು ಸುತ್ತಿ ಮುಚ್ಚುವ ಪಟ್ಟಿ), ಇವೆಲ್ಲಕ್ಕೂ ಬೇಕಾದ ಬಟ್ಟೆ ಬಹಳಷ್ಟು ಸಲ ಪಕ್ಕದ ಗಂಟಿನಲ್ಲೇ ಇರುತ್ತದೆ.

ಎಲ್ಲಿ ನಿಂತಿದೆ, ಏಕೆ ನಿಂತಿದೆ

ಎಲ್ಲ ಹಳೆಯ ಕೆಲಸಗಳನ್ನೂ ಒಮ್ಮೆ ನೆಲದ ಮೇಲೆ ಬಿಚ್ಚಿ ಹರಡಿ, ಪ್ರತಿಯೊಂದಕ್ಕೂ ಒಂದು ಚೀಟಿಯನ್ನು ಪಿನ್ನು ಮಾಡಬೇಕು. ಆ ಚೀಟಿಯಲ್ಲಿ ಮುಂದೆ ಮಾಡಬೇಕಾದ ಒಂದೇ ಒಂದು ಕೆಲಸವನ್ನು ಬರೆಯಬೇಕೇ ಹೊರತು ಇಡೀ ಕೌದಿಯ ಯೋಜನೆಯನ್ನಲ್ಲ. "ಮೂರು ಬ್ಲಾಕ್ ಕಡಿಮೆ", "ಹಿಂಬದಿ ಬಟ್ಟೆ ಜೋಡಿಸಬೇಕು", "ಕಚ್ಚಾ ಹೊಲಿಗೆ ಹಾಕಬೇಕು" ಎಂಬಷ್ಟು ಸಾಕು. ಹೀಗೆ ಬರೆಯುವಾಗಲೇ ನಿಂತುಹೋದ ಕಾರಣವೂ ಸ್ಪಷ್ಟವಾಗುತ್ತದೆ: ಕೆಲವು ಬಟ್ಟೆ ಮುಗಿದು ನಿಂತಿರುತ್ತವೆ, ಕೆಲವು ಮೇಲ್ಪದರ, ನಡುವಿನ ಹತ್ತಿ, ಹಿಂಬದಿ ಎಂಬ ಮೂರು ಪದರಗಳನ್ನು ಹರಡಲು ಜಾಗವಿಲ್ಲದೆ ನಿಂತಿರುತ್ತವೆ, ಮತ್ತೆ ಕೆಲವು ಅಳತೆ ಹೊಂದದೆ ಬೇಸರ ತರಿಸಿ ನಿಂತಿರುತ್ತವೆ. ಬಣ್ಣವಾಗಲಿ ವಿನ್ಯಾಸವಾಗಲಿ ಈಗ ಇಷ್ಟವೇ ಆಗದ ಕೆಲಸವನ್ನು ಮುಗಿಸಲೇಬೇಕೆಂಬ ಹಟ ಬೇಡ. ಅದನ್ನು ಹೊಲಿಯಲು ಇಷ್ಟಪಡುವ ಬೇರೆಯವರಿಗೆ ಕೊಡಬಹುದು, ಅಥವಾ ಹೊಲಿಗೆ ಬಿಚ್ಚಿ ಬಟ್ಟೆಯನ್ನು ತುಂಡುಗಳ ಗಂಟಿಗೆ ಸೇರಿಸಬಹುದು.

ಉಳಿದವುಗಳಲ್ಲಿ ಮುಗಿಯಲು ಅತಿ ಹತ್ತಿರವಿರುವುದನ್ನೇ ಮೊದಲು ಕೈಗೆತ್ತಿಕೊಳ್ಳಬೇಕು. ಸುತ್ತುಪಟ್ಟಿಯೊಂದೇ ಬಾಕಿ ಇರುವ ಕೌದಿಯನ್ನು ಬಿಟ್ಟು ನಾಲ್ಕೇ ಬ್ಲಾಕ್ ಆಗಿರುವ ದೊಡ್ಡ ಕೌದಿಯನ್ನು ಹಿಡಿದರೆ ಎರಡೂ ಮುಗಿಯುವುದಿಲ್ಲ.

ಹಳೆಯ ಹೊಲಿಗೆಯನ್ನು ನಂಬುವ ಮೊದಲು

ಬಹಳ ಕಾಲ ಮಡಚಿಟ್ಟ ಕೆಲಸವನ್ನು ಬೆಳಕಿನ ಎದುರು ಹಿಡಿದು ನೋಡಬೇಕು. ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸಿದೆಯೇ, ಅಲ್ಲೇ ಬಿಟ್ಟ ಗುಂಡುಸೂಜಿ ತುಕ್ಕು ಹಿಡಿದು ಕಲೆ ಮಾಡಿದೆಯೇ ಎಂಬುದು ಆಗ ಕಾಣುತ್ತದೆ. ಬಳಿಕ ಒಂದು ಬ್ಲಾಕನ್ನು ತಿರುವಿ, ಜೋಡಣೆಯ ಎರಡೂ ಬದಿಯನ್ನು ಹೆಬ್ಬೆರಳುಗಳಿಂದ ಮೆಲ್ಲಗೆ ಹಿಗ್ಗಿಸಿ ನೋಡಿ. ಗೆರೆ ಮುಚ್ಚಿಕೊಂಡೇ ಇದ್ದರೆ ಹೊಲಿಗೆ ಗಟ್ಟಿಯಾಗಿದೆ. ದಾರದ ಕುಣಿಕೆಗಳು ಏಣಿಯ ಮೆಟ್ಟಿಲಿನಂತೆ ಕಾಣಿಸಿಕೊಂಡರೆ ಸೆಳೆತ ಸಡಿಲವಿತ್ತೆಂದು ಅರ್ಥ, ಅಂಥ ಜಾಗದಲ್ಲಿ ಅದೇ ಗೆರೆಯ ಮೇಲೆ ಇನ್ನೊಮ್ಮೆ ಹೊಲಿಗೆ ಹಾಕಬೇಕು. ಜೊತೆಯಲ್ಲಿಟ್ಟಿದ್ದ ದಾರದ ಉಂಡೆಯನ್ನೂ ಒಂದು ಗೇಣು ಬಿಚ್ಚಿ ಎಳೆದು ನೋಡಬೇಕು. ಸುಲಭವಾಗಿ ತುಂಡಾಗುವ ದಾರ ಕಚ್ಚಾ ಹೊಲಿಗೆಗೆ ಮಾತ್ರ ಯೋಗ್ಯ.

ಗುರುತು ಹಾಕಿದ ನೀಲಿ ಪೆನ್ನಿನ ಗೆರೆಗಳು ಉಳಿದಿದ್ದರೆ ಇಸ್ತ್ರಿ ಪೆಟ್ಟಿಗೆಯನ್ನು ಮುಟ್ಟಿಸುವ ಮೊದಲು ತಣ್ಣೀರಿನಲ್ಲಿ ತೊಳೆದು ತೆಗೆಯಬೇಕು, ಏಕೆಂದರೆ ನೀರಿನಲ್ಲಿ ಹೋಗುವ ಶಾಯಿ ಬಿಸಿ ತಾಗಿದರೆ ಬಟ್ಟೆಯಲ್ಲೇ ನಿಲ್ಲುವ ಸಾಧ್ಯತೆ ಇದೆ. ಬಿಸಿಗೆ ಮಾಯವಾಗುವ ಪೆನ್ನಿನದ್ದು ಇದಕ್ಕೆ ವಿರುದ್ಧವಾದ ಗುಣ: ಇಸ್ತ್ರಿಗೆ ಅಳಿಸಿಹೋದ ಗೆರೆ ಹೆಚ್ಚು ಚಳಿಗೆ ಮತ್ತೆ ಕಾಣಿಸಿಕೊಳ್ಳಬಹುದು. ಆದ್ದರಿಂದ ಮೇಲ್ಮುಖದಲ್ಲಿ ಅದನ್ನು ಬಳಸದಿರುವುದು ಒಳ್ಳೆಯದು.

ಕೊನೆಯದಾಗಿ, ಪ್ರತಿಯೊಂದು ಬ್ಲಾಕನ್ನೂ ಅಳೆಯಬೇಕು. ಬೇರೆ ಬೇರೆ ಕಾಲದಲ್ಲಿ ಹೊಲಿದ ಬ್ಲಾಕ್‌ಗಳು ಒಂದೇ ಅಳತೆಗೆ ಬರುವುದು ಅಪರೂಪ. ವ್ಯತ್ಯಾಸ ಒಂದೆರಡು ನೂಲೆಳೆಯಷ್ಟಿದ್ದರೆ ಎಲ್ಲವನ್ನೂ ಅತಿ ಚಿಕ್ಕದರ ಅಳತೆಗೆ ಸವರಬಹುದು. ಆದರೆ ಅಂಚಿನಲ್ಲಿ ತ್ರಿಕೋನದ ಚೂಪು ತುದಿಗಳಿದ್ದರೆ ಸವರಿದಾಗ ಅವು ಮೊಂಡಾಗುತ್ತವೆ. ಅಂಥ ಕಡೆ ಪ್ರತಿ ಬ್ಲಾಕಿನ ಸುತ್ತ ಒಂದೂವರೆ ಇಂಚಿನ ಪಟ್ಟಿಯನ್ನು ಚೌಕಟ್ಟಿನಂತೆ ಹೊಲಿದು, ನಂತರ ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸುವುದು ಸರಿಯಾದ ದಾರಿ.

ತುಂಡುಗಳನ್ನು ಅಳತೆಗೆ ತರುವುದು

ತುಂಡುಗಳನ್ನು ಬಣ್ಣಕ್ಕನುಸಾರವಾಗಿ ಜೋಡಿಸಿಟ್ಟರೆ ಕಣ್ಣಿಗೆ ಚೆನ್ನ, ಆದರೆ ಕೆಲಸಕ್ಕೆ ನೆರವಾಗುವುದು ಅಳತೆ. ಕೈಗೆ ಬಂದ ಪ್ರತಿ ಚೂರನ್ನೂ ಇಸ್ತ್ರಿ ಮಾಡಿ, ಅದರಲ್ಲಿ ಸಿಗಬಹುದಾದ ಅತಿ ದೊಡ್ಡ ನಿಶ್ಚಿತ ಅಳತೆಗೆ ಕತ್ತರಿಸಿಡಬೇಕು: 5 ಇಂಚಿನ ಚೌಕ, ಅದು ಆಗದಿದ್ದರೆ ಎರಡೂವರೆ ಇಂಚಿನ ಚೌಕ, ಉದ್ದವಾಗಿದ್ದರೆ ಎರಡೂವರೆ ಇಂಚು ಅಗಲದ ಪಟ್ಟಿ. ಪ್ರತಿ ಬದಿಯಲ್ಲೂ ಹೊಲಿಗೆಗೆ ಕಾಲು ಇಂಚು ಹೋಗುವುದರಿಂದ 5 ಇಂಚಿನ ಚೌಕ ಜೋಡಿಸಿದ ಮೇಲೆ ನಾಲ್ಕೂವರೆ ಇಂಚಾಗುತ್ತದೆ. ಹೀಗೆ 120 ಚೌಕಗಳು ಕೂಡಿದರೆ, 10 ಅಡ್ಡಕ್ಕೆ 12 ಉದ್ದಕ್ಕೆ ಜೋಡಿಸಿ 45 ಇಂಚು ಅಗಲ, 54 ಇಂಚು ಉದ್ದದ ಸಣ್ಣ ಕೌದಿ ಸಿದ್ಧವಾಗುತ್ತದೆ. ಒಂದು ಇಂಚಿಗಿಂತ ಕಡಿಮೆ ಅಗಲದ ಚೂರುಗಳನ್ನು ಕೂಡಿಡಬಾರದು. ಅವು ದಿಂಬಿನೊಳಗೆ ತುಂಬಲು ಆಗುತ್ತವೆ, ಹೊಲಿಗೆಗೆ ಆಗುವುದಿಲ್ಲ.

ಕತ್ತರಿಸುವಾಗ ನೇಯ್ಗೆಯ ಓಟವನ್ನು ಗಮನಿಸಬೇಕು. ಹಾಸಿನ ಉದ್ದಕ್ಕೆ ಎಳೆದರೆ ಬಟ್ಟೆ ಬಹುತೇಕ ಜಗ್ಗುವುದಿಲ್ಲ, ಹೊಕ್ಕಿನ ಕಡೆಗೆ ತುಸು ಜಗ್ಗುತ್ತದೆ, ಓರೆಯಾಗಿ ಎಳೆದರೆ ಬಹಳ ಜಗ್ಗುತ್ತದೆ. ಓರೆ ಅಂಚು ಬ್ಲಾಕಿನ ಹೊರಬದಿಗೆ ಬಂದರೆ ಜೋಡಿಸುವಷ್ಟರಲ್ಲಿ ಅದು ಅಲೆ ಅಲೆಯಾಗಿ ಹಿಗ್ಗಿರುತ್ತದೆ. ಜಗ್ಗುವ ಟೀ ಶರ್ಟ್ ಬಟ್ಟೆಗೆ ಹಿಂದಿನಿಂದ ತೆಳು ಅಂಟುಬಟ್ಟೆಯನ್ನು ಇಸ್ತ್ರಿ ಮಾಡಿ ಹಚ್ಚಿದರೆ ಹತ್ತಿಯೊಂದಿಗೆ ಸೇರಿಸಬಹುದು. ಪಾಲಿಯೆಸ್ಟರ್ ಬಟ್ಟೆಯನ್ನು ಹತ್ತಿಗೆ ಬೇಕಾದ ಬಿಸಿಗೆ ಒಡ್ಡಿದರೆ ಕರಗುವ ಅಪಾಯವಿರುವುದರಿಂದ ಅದನ್ನು ಬೇರೆಯೇ ಇಡುವುದು ಲೇಸು. ಗಾಢ ಕೆಂಪು ಮತ್ತು ನೀಲಿ ತುಂಡುಗಳನ್ನು ಒದ್ದೆಯಾದ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಬಿಡುವುದು ನಿಲ್ಲುವವರೆಗೆ ತೊಳೆಯದೆ ಕೌದಿಗೆ ಸೇರಿಸಬಾರದು.

ಬ್ಲಾಕ್ ಕಡಿಮೆ ಬಿದ್ದಾಗ

ಅದೇ ಬಟ್ಟೆ ಮತ್ತೆ ಸಿಗುವುದಿಲ್ಲವೆಂದು ಕೌದಿಯನ್ನು ಕೈಬಿಡುವುದು ನನಗೆ ಒಪ್ಪಿಗೆಯಿಲ್ಲ. ಮೂಲ ಬಟ್ಟೆಗೆ ಹತ್ತಿರದ ಆದರೆ ಸ್ವಲ್ಪ ಬೇರೆಯಾದ ಒಂದೇ ಬಟ್ಟೆಯನ್ನು ಒಂದು ಜಾಗದಲ್ಲಿ ಬಳಸಿದರೆ ಅದು ತಪ್ಪಿನಂತೆ ಕಾಣುತ್ತದೆ, ಅದೇ ಬಣ್ಣದ ಐದಾರು ಬಗೆಯ ತುಂಡುಗಳನ್ನು ಇಡೀ ಕೌದಿಯಲ್ಲಿ ಚದುರಿಸಿದರೆ ಅದು ಉದ್ದೇಶಪೂರ್ವಕವಾಗಿ ಕಾಣುತ್ತದೆ. ಬ್ಲಾಕ್ ನಡುವೆ ಪಟ್ಟಿ ಸೇರಿಸಿಯೂ ಅಳತೆಯನ್ನು ಬೆಳೆಸಬಹುದು.

ಇನ್ನೊಂದು ಉಪಾಯ ಬ್ಲಾಕ್‌ಗಳನ್ನು ಮೂಲೆ ಮೇಲಾಗಿ ಕೂರಿಸುವುದು. ಮುಗಿದ ಅಳತೆ 12 ಇಂಚಿರುವ ಒಂಬತ್ತು ಬ್ಲಾಕ್‌ಗಳನ್ನು ಮೂರು ಮೂರರಂತೆ ನೇರವಾಗಿ ಜೋಡಿಸಿದರೆ 36 ಇಂಚು ಮಾತ್ರ ಆಗುತ್ತದೆ. ಅವನ್ನೇ ಮೂಲೆ ಮೇಲಾಗಿ ತಿರುಗಿಸಿ ನಡುನಡುವೆ ನಾಲ್ಕು ಸಾದಾ ಚೌಕಗಳನ್ನು ಇಟ್ಟರೆ ಪ್ರತಿ ಬ್ಲಾಕ್ ಸುಮಾರು 17 ಇಂಚು ಅಗಲವನ್ನು ಆವರಿಸಿ, ಇಡೀ ಮೇಲ್ಪದರ 51 ಇಂಚಿನ ಆಸುಪಾಸು ಆಗುತ್ತದೆ. ಬದಿಗಳಲ್ಲಿ ತುಂಬಲು ಬೇಕಾದ ಎಂಟು ತ್ರಿಕೋನಗಳಿಗೆ ಹದಿನೆಂಟೂಕಾಲು ಇಂಚಿನ ಎರಡು ಚೌಕಗಳನ್ನು ಎರಡೂ ಕರ್ಣಗಳಲ್ಲಿ ಕತ್ತರಿಸಬೇಕು. ನಾಲ್ಕು ಮೂಲೆಗಳಿಗೆ 9 3/8 ಇಂಚಿನ ಎರಡು ಚೌಕಗಳನ್ನು ಒಂದೊಂದು ಕರ್ಣದಲ್ಲಿ ಮಾತ್ರ ಕತ್ತರಿಸಬೇಕು. ಹೀಗೆ ಕತ್ತರಿಸಿದರೆ ಕೌದಿಯ ಹೊರ ಅಂಚಿನ ಉದ್ದಕ್ಕೂ ನೇರ ಓಟವೇ ಬಂದು, ಅಂಚು ಜಗ್ಗದೆ ಉಳಿಯುತ್ತದೆ.

ಸಾದಾ ಚೌಕಗಳ ಬದಲು ಉಳಿದ ಪಟ್ಟಿಗಳಿಂದಲೇ ಬ್ಲಾಕ್ ಮಾಡಬಹುದು. ಬ್ಲಾಕ್ ಹನ್ನೆರಡೂವರೆ ಇಂಚಿನದಾಗಬೇಕಿದ್ದರೆ ಅಷ್ಟೇ ಅಳತೆಯ ತೆಳು ಕಾಗದವನ್ನು ತೆಗೆದುಕೊಂಡು, ಅದರ ಕರ್ಣದ ಮೇಲೆ ಮೊದಲ ಪಟ್ಟಿಯನ್ನು ಮುಖ ಮೇಲಾಗಿ ಇಟ್ಟು, ಎರಡನೆಯದನ್ನು ಮುಖ ಕೆಳಗಾಗಿ ಅದರ ಅಂಚಿಗೆ ಹೊಂದಿಸಿ, ಕಾಗದದ ಸಮೇತ ಹೊಲಿಯಬೇಕು. ಎರಡನೆಯ ಪಟ್ಟಿಯನ್ನು ಬಿಡಿಸಿ ಇಸ್ತ್ರಿ ಮಾಡಿ, ಹೀಗೆಯೇ ಎರಡೂ ಮೂಲೆಗಳವರೆಗೆ ತುಂಬುತ್ತಾ ಹೋಗಿ, ಕೊನೆಗೆ ಕಾಗದದ ಅಂಚಿಗೆ ಸರಿಯಾಗಿ ಕತ್ತರಿಸಬೇಕು. ಹೊಲಿಗೆಯ ಉದ್ದವನ್ನು ಒಂದೂವರೆ ಮಿಲಿಮೀಟರಿಗೆ ಇಳಿಸಿದರೆ ಕಾಗದ ಸಲೀಸಾಗಿ ಹರಿದು ಬರುತ್ತದೆ. ಆದರೆ ಪಕ್ಕದ ಬ್ಲಾಕಿಗೆ ಜೋಡಿಸುವವರೆಗೆ ಅದನ್ನು ಹರಿಯಬೇಡಿ, ಏಕೆಂದರೆ ಈ ಬ್ಲಾಕಿನ ಹೊರ ಅಂಚುಗಳೆಲ್ಲ ಓರೆಯಾಗಿದ್ದು, ಅವು ಜಗ್ಗದಂತೆ ತಡೆಯುತ್ತಿರುವುದು ಆ ಕಾಗದವೇ.

ಅಂಚು, ಹಿಂಬದಿ, ನಡುವಿನ ಪದರ

ಅಂಚಿನ ಪಟ್ಟಿಯನ್ನು ಉದ್ದವಾಗಿ ಇಟ್ಟು ಹೊಲಿಯುತ್ತಾ ಹೋಗಿ ಕೊನೆಗೆ ಮಿಕ್ಕದ್ದನ್ನು ಕತ್ತರಿಸುವುದರಿಂದಲೇ ಬಹಳಷ್ಟು ಕೌದಿಗಳ ಅಂಚು ಅಲೆಯಾಗುತ್ತದೆ. ಮೇಲ್ಪದರದ ಉದ್ದವನ್ನು ಬದಿಯಲ್ಲಲ್ಲದೆ ಮಧ್ಯಭಾಗದಲ್ಲಿ ಅಳೆದು, ಎರಡೂ ಬದಿಯ ಪಟ್ಟಿಗಳನ್ನು ಅದೇ ಅಳತೆಗೆ ಕತ್ತರಿಸಿ, ಮೊದಲು ಎರಡು ತುದಿ ಮತ್ತು ನಡುವಿನಲ್ಲಿ ಪಿನ್ನು ಹಾಕಿಕೊಂಡು ಹೊಲಿಯಬೇಕು. ಬಳಿಕ ಆ ಪಟ್ಟಿಗಳನ್ನೂ ಸೇರಿಸಿ ಅಗಲವನ್ನು ಮಧ್ಯದಲ್ಲೇ ಅಳೆದು ಮೇಲಿನ ಮತ್ತು ಕೆಳಗಿನ ಪಟ್ಟಿಗಳನ್ನು ಕತ್ತರಿಸಬೇಕು.

ಹಿಂಬದಿಯ ಬಟ್ಟೆ ಎಲ್ಲ ಬದಿಗಳಲ್ಲೂ ಮೇಲ್ಪದರಕ್ಕಿಂತ 4 ಇಂಚು ಹೆಚ್ಚಿರಬೇಕು. 60 ಇಂಚಿನ ಕೌದಿಗೆ 68 ಇಂಚು ಬೇಕೆಂದಾಗ 42 ಇಂಚು ಅಗಲದ ಬಟ್ಟೆಯನ್ನು ಎರಡು ಪಟ್ಟು ತೆಗೆದುಕೊಂಡು ಮಿಕ್ಕದ್ದನ್ನು ಮತ್ತೆ ಗಂಟಿಗೆ ಸೇರಿಸುವ ಬದಲು, ಕಡಿಮೆ ಬೀಳುವ 26 ಇಂಚನ್ನು ದೊಡ್ಡ ತುಂಡುಗಳನ್ನು ಜೋಡಿಸಿದ ಅಡ್ಡಪಟ್ಟಿಯಿಂದ ತುಂಬಿಸಬಹುದು. ಹೊಲಿಗೆಗೆ ಹೋಗುವ ಬಟ್ಟೆಯನ್ನು ಇದಕ್ಕೆ ಸೇರಿಸಿಕೊಳ್ಳುವುದನ್ನು ಮರೆಯಬಾರದು. ಈ ಪಟ್ಟಿಯನ್ನು ಒಂದು ಬದಿಗೆ ಸರಿಸಿ ಇಟ್ಟರೆ, ಮೇಲ್ಪದರದ ನಡುವಿಗೆ ಅದನ್ನು ಹೊಂದಿಸಬೇಕಾದ ತೊಂದರೆಯೂ ಇರುವುದಿಲ್ಲ. ಹಿಂಬದಿಯ ಜೋಡಣೆಗೆ ಅರ್ಧ ಇಂಚು ಬಿಟ್ಟು, ಹೊಲಿದ ಮೇಲೆ ಎರಡೂ ಕಡೆಗೆ ಬಿಡಿಸಿ ಇಸ್ತ್ರಿ ಮಾಡಬೇಕು.

ನಡುವಿಗೆ ಹಾಕುವ ಹತ್ತಿಯ ಪದರದ ಉಳಿಕೆಗಳೂ ವ್ಯರ್ಥವಲ್ಲ. ಎರಡು ತುಂಡುಗಳ ಅಂಚನ್ನು ನೇರವಾಗಿ ಕತ್ತರಿಸಿ, ಒಂದರ ಮೇಲೊಂದು ಏರದಂತೆ ಪಕ್ಕಪಕ್ಕಕ್ಕೆ ತಾಗಿಸಿ, ಅಗಲವಾದ ಜಿಗ್‌ಜಾಗ್ ಹೊಲಿಗೆಯಿಂದ ಕೂಡಿಸಬಹುದು. ದಪ್ಪವೂ ನೂಲಿನ ಬಗೆಯೂ ಒಂದೇ ಆಗಿರಬೇಕು, ಇಲ್ಲವಾದರೆ ತೊಳೆದಾಗ ಒಂದು ಭಾಗ ಹೆಚ್ಚು ಕುಗ್ಗಿ ಮೇಲ್ಪದರವನ್ನು ಎಳೆಯುತ್ತದೆ.

ಮೂರು ಪದರಗಳನ್ನು ಕೂಡಿಸಿ ಮುಗಿಸುವುದು

ಅರ್ಧಕ್ಕೆ ನಿಂತ ಕೌದಿಗಳಲ್ಲಿ ಅನೇಕವು ಸಿಕ್ಕಿಕೊಳ್ಳುವುದು ಇಲ್ಲಿ. ನೆಲದಲ್ಲಿ ಜಾಗವಿಲ್ಲದಿದ್ದರೆ ಮೇಜಿನ ಮೇಲೆ ಭಾಗ ಭಾಗವಾಗಿಯೂ ಮಾಡಬಹುದು. ಹಿಂಬದಿಯನ್ನು ಮುಖ ಕೆಳಗಾಗಿ ಹಾಸಿ, ಸುಕ್ಕಿಲ್ಲದಂತೆ ಆದರೆ ಜಗ್ಗಿಸದೆ ಕ್ಲಿಪ್ಪು ಹಾಕಿ, ಅದರ ಮೇಲೆ ಹತ್ತಿಯ ಪದರವನ್ನೂ ಮೇಲ್ಪದರವನ್ನೂ ಹರಡಿ, ನಡುವಿನಿಂದ ಹೊರಕ್ಕೆ ಒಂದು ಅಂಗೈ ಅಗಲದ ಅಂತರದಲ್ಲಿ ಸೇಫ್ಟಿ ಪಿನ್ನು ಅಥವಾ ಕಚ್ಚಾ ಹೊಲಿಗೆ ಹಾಕಬೇಕು. ಪದರಗಳನ್ನು ಬಂಧಿಸುವ ಹೊಲಿಗೆಯನ್ನೂ ನಡುವಿನಿಂದಲೇ ಆರಂಭಿಸಬೇಕು. ಯಂತ್ರದಲ್ಲಾದರೆ ಮೇಲಿನ ಮತ್ತು ಕೆಳಗಿನ ಪದರಗಳನ್ನು ಒಟ್ಟಿಗೆ ಸರಿಸುವ ವಾಕಿಂಗ್ ಫುಟ್, 90/14 ಅಳತೆಯ ಸೂಜಿ, ಮೂರು ಮಿಲಿಮೀಟರಿನ ಹೊಲಿಗೆ ಸಾಕು. ಗೆರೆಗಳ ನಡುವಿನ ಅಂತರ ಹತ್ತಿಯ ಪದರದ ಪೊಟ್ಟಣದಲ್ಲಿ ನಮೂದಿಸಿರುವ ಮಿತಿಯನ್ನು ಮೀರಬಾರದು.

ಸುತ್ತುಪಟ್ಟಿಗೆ ಎರಡೂವರೆ ಇಂಚಿನ ತುಂಡುಪಟ್ಟಿಗಳು ಹೇಳಿ ಮಾಡಿಸಿದಂತಿವೆ. 60 ಇಂಚಿನ ಚೌಕ ಕೌದಿಗೆ ಸುತ್ತಳತೆ 240, ಮೂಲೆ ಮತ್ತು ಜೋಡಣೆಗೆ 12 ಸೇರಿ 252 ಇಂಚು ಬೇಕು. ಓರೆಯಾಗಿ ಜೋಡಿಸುವಾಗ ಪ್ರತಿ ಜೋಡಣೆಗೂ ಪಟ್ಟಿಯ ಅಗಲದಷ್ಟು ಉದ್ದ ಕಡಿಮೆಯಾಗುವುದರಿಂದ 15 ಇಂಚಿನ ಪಟ್ಟಿಗಳು 20 ಬೇಕಾಗುತ್ತವೆ. ಜೋಡಿಸಿದ ಪಟ್ಟಿಯನ್ನು ಉದ್ದಕ್ಕೆ ಮಡಚಿ ಇಸ್ತ್ರಿ ಮಾಡಿ, ಹೊಲಿಯುವ ಮೊದಲು ಒಮ್ಮೆ ಕೌದಿಯ ಸುತ್ತ ಇಟ್ಟು ನೋಡಿ, ಯಾವ ಜೋಡಣೆಯೂ ಮೂಲೆಗೆ ಬೀಳದಂತೆ ಆರಂಭದ ಜಾಗವನ್ನು ಆರಿಸಿಕೊಳ್ಳಬೇಕು. ಮೂಲೆಗೆ ಕಾಲು ಇಂಚು ಇರುವಾಗ ನಿಲ್ಲಿಸಿ, ದಾರ ಕತ್ತರಿಸಿ, ಪಟ್ಟಿಯನ್ನು ಕೌದಿಯಿಂದ ಆಚೆಗೆ ನೇರ ಮೇಲಕ್ಕೆ ಮಡಚಿ, ಮತ್ತೆ ಮುಂದಿನ ಅಂಚಿನ ಉದ್ದಕ್ಕೆ ಕೆಳಗೆ ಇಳಿಸಿದಾಗ ಮೂಲೆಯಲ್ಲಿ ಒಂದು ಸಣ್ಣ ಓರೆ ಮಡಿಕೆ ಕೂರುತ್ತದೆ. ಆ ಮಡಿಕೆಯ ಮೇಲಂಚು ಕೌದಿಯ ಮೇಲಂಚಿಗೆ ಸರಿಯಾಗಿ ಹೊಂದಿರಬೇಕು, ಒಂದು ಎಳೆ ಹೆಚ್ಚುಕಡಿಮೆಯಾದರೂ ಪಟ್ಟಿಯನ್ನು ಹಿಂದಕ್ಕೆ ತಿರುಗಿಸಿದಾಗ ಮೂಲೆ ಚೂಪಾಗಿ ನಿಲ್ಲುವುದಿಲ್ಲ. ಹಿಂಬದಿಯಲ್ಲಿ ದಾರ ಹೊರಗೆ ಕಾಣದಂತೆ ಮರೆಹೊಲಿಗೆ ಹಾಕಿ ಮುಗಿಸಬೇಕು.

ನಿಂತ ಕೆಲಸಗಳೆಲ್ಲ ಮುಗಿದ ಮೇಲೂ ಎರಡೂವರೆ ಇಂಚಿನ ಚೌಕಗಳು ಉಳಿದಿದ್ದರೆ ಅವನ್ನು ಡಬ್ಬಿಯೊಂದರಲ್ಲಿ ಯಂತ್ರದ ಪಕ್ಕದಲ್ಲೇ ಇಡಬಹುದು. ಬೇರೆ ಯಾವುದೇ ಹೊಲಿಗೆಯ ಸಾಲು ಮುಗಿದಾಗ ದಾರ ಕತ್ತರಿಸುವ ಬದಲು ಎರಡು ಚೌಕಗಳನ್ನು ಜೋಡಿಸಿ ಯಂತ್ರದೊಳಗೆ ಬಿಟ್ಟು, ಅದರ ಹಿಂದಿನ ದಾರವನ್ನು ಮಾತ್ರ ಕತ್ತರಿಸಿ. ಮುಂದಿನ ಸಾಲನ್ನು ಅದರ ಬೆನ್ನಿಗೇ ಆರಂಭಿಸಿದರೆ ದಾರದ ತುದಿ ಗಂಟಾಗುವುದಿಲ್ಲ, ಒಂದು ಜೋಡಿ ಚೌಕವೂ ಸಿದ್ಧವಾಗಿರುತ್ತದೆ.