ವಾರ್ಡಿನಲ್ಲಿ ಡ್ಯೂಟಿ ಅದಲುಬದಲು: ಇನ್‌ಚಾರ್ಜ್ ಸಿಸ್ಟರ್ ಹೂಂ ಅನ್ನುವ ಮೊದಲು

ಬೆಳಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ 8, ರಾತ್ರಿ 8ರಿಂದ ಬೆಳಗ್ಗೆ 8. ಹಲವು ಖಾಸಗಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್‌ಗಳ ಪಾಳಿ ಹೀಗಿರುತ್ತದೆ. ನೈಟ್ ಅಂದರೆ ಹಗಲು ಪಾಳಿಯ ಎರಡರಷ್ಟು ದುಡಿಮೆ. ಹಾಗಾಗಿ ಇಬ್ಬರು ತಮ್ಮತಮ್ಮಲ್ಲೇ ಒಪ್ಪಿಕೊಂಡರೆ ಸಾಲದು, ವಾರ್ಡಿನ ಹೊಣೆ ಹೊತ್ತ ಇನ್‌ಚಾರ್ಜ್ ಸಿಸ್ಟರ್ ಆದ ನೀವು ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ, ಎದುರಿಗಿಟ್ಟುಕೊಂಡು ನೋಡಬೇಕು.

ಕೋರಿಕೆ ಚೀಟಿಯಲ್ಲೇ ಬರಲಿ, ಕನಿಷ್ಠ 24 ಗಂಟೆ ಮೊದಲು. ವಾಟ್ಸಾಪ್ ಗುಂಪಿನಲ್ಲಿ ಹಾಕಿದ ‘ಓಕೆ’ ಮರುದಿನ ನೂರು ಮೆಸೇಜಿನ ಕೆಳಗೆ ಹೂತುಹೋಗಿರುತ್ತದೆ. ಚೀಟಿಯಲ್ಲಿ ಇಬ್ಬರ ಹೆಸರು, ಬಿಟ್ಟುಕೊಡುವ ಡ್ಯೂಟಿ, ವಾಪಸ್ ಮಾಡುವ ಡ್ಯೂಟಿ, ಇಬ್ಬರ ಸಹಿ ಇರಬೇಕು. ‘14ರ ನೈಟ್’ ಎಂದಷ್ಟೇ ಬರೆದರೆ ಒಬ್ಬರು 13ರ ರಾತ್ರಿ ಬರುತ್ತಾರೆ, 14ರಂದು ಯಾರೂ ಇರುವುದಿಲ್ಲ. ‘14 ರಾತ್ರಿ 8ರಿಂದ 15 ಬೆಳಗ್ಗೆ 8’ ಎಂದೇ ಬರೆಸಿ.

ವಾಪಸ್ ಡ್ಯೂಟಿಯ ದಿನಾಂಕ ಅದೇ ರೋಸ್ಟರಿನೊಳಗೆ ಬರಬೇಕು. ‘ಯಾವತ್ತಾದರೂ ಮಾಡಿಕೊಡ್ತೀನಿ’ ಅಂದರೆ ಅದು ಸಾಲ. ಆ ಸಾಲ ಕೊಟ್ಟು ಸುಮ್ಮನಿರಬೇಕಾಗುವುದು ಬಹುತೇಕ ಹೊಸದಾಗಿ ಸೇರಿದ ಹುಡುಗಿಯರು. ಹಿರಿಯರನ್ನು ಕೇಳಲು ಅವರಿಗೆ ಬಾಯಿ ಬರುವುದಿಲ್ಲ. ಅವರ ಪರವಾಗಿ ನೀವೇ ಕೇಳಬೇಕು. ಒಮ್ಮೆ ಬದಲಾದ ಡ್ಯೂಟಿಯನ್ನು ಮೂರನೆಯವರಿಗೆ ದಾಟಿಸಲೂ ಬಿಡಬೇಡಿ.

ಇನ್ನು ವಿಶ್ರಾಂತಿ. ಮಂಗಳವಾರದ ನೈಟ್ ಮಾಡಿದವರು ಬುಧವಾರ ಬೆಳಗ್ಗೆ 8ಕ್ಕೆ ಇಳಿಯುತ್ತಾರೆ. ಅವರು ಬುಧವಾರದ ನೈಟ್ ಬಿಟ್ಟುಕೊಟ್ಟು ಅದೇ ದಿನದ ಮಧ್ಯಾಹ್ನದ ಪಾಳಿ ತೆಗೆದುಕೊಂಡರೆ ನಡುವೆ ಸಿಗುವುದು 6 ಗಂಟೆ. ಮನೆಗೆ ಹೋಗಿ ಬರುವುದರಲ್ಲೇ ಅರ್ಧ ಕರಗುತ್ತದೆ. ಮಧ್ಯಾಹ್ನದ ಪಾಳಿಗೆ ನೈಟ್ ಅಂಟಿಸಿಕೊಂಡರೆ ಒಂದೇ ಸಮ 18 ಗಂಟೆ. ನಿದ್ದೆಗೆಟ್ಟ ಕೈ ಇನ್ಸುಲಿನ್ ಡೋಸ್ ತಪ್ಪಿಸುವುದು ಇಂಥ ಹೊತ್ತಿನಲ್ಲೇ. ಎರಡು ಪಾಳಿಗಳ ನಡುವೆ 12 ಗಂಟೆ ಇಲ್ಲದಿದ್ದರೆ ಬೇಡ ಅನ್ನಿ.

ವಾರದ ಮೊತ್ತವನ್ನೂ ಕೂಡಿಸಿ. ಆರು ದಿನ ಬೆಳಗಿನ ಪಾಳಿ ಅಂದರೆ 36 ಗಂಟೆ. ಅದರಲ್ಲಿ ಒಂದು ನೈಟ್ ಆದರೆ 42, ಎರಡಾದರೆ 48. ಮೂರನೆಯದು 54ಕ್ಕೆ ಒಯ್ಯುತ್ತದೆ; ವಾರಕ್ಕೆ 48ರ ಮಿತಿ ದಾಟಿತು, ಓಟಿ (ಓವರ್‌ಟೈಮ್) ಪ್ರಶ್ನೆ ಎದ್ದಿತು. ವೀಕ್ಲಿ ಆಫ್ ಮಾರಿಕೊಳ್ಳುವ ಬದಲಾವಣೆಗೂ ಒಪ್ಪಬೇಡಿ.

ತಲೆ ಎಣಿಕೆ ಸರಿಯಿದ್ದರೂ ಕೈ ಸರಿಯಿರಬೇಕು. ಐಸಿಯುನಲ್ಲಿ ವೆಂಟಿಲೇಟರ್ ನೋಡಿಕೊಳ್ಳಬಲ್ಲವರ ಜಾಗಕ್ಕೆ ಜನರಲ್ ವಾರ್ಡಿನವರು ಬಂದರೆ ಆ ರಾತ್ರಿ ಒಬ್ಬರು ಕಡಿಮೆಯೇ. ಪ್ರತಿ ನೈಟ್‌ಗೆ ಒಬ್ಬರಾದರೂ ಸೀನಿಯರ್ ಉಳಿಯುತ್ತಾರಾ ನೋಡಿ.

ಒಪ್ಪಿದ ಕೂಡಲೇ ಗೋಡೆಯ ರೋಸ್ಟರ್ ತಿದ್ದಿ ಸಹಿ ಹಾಕಿ, ಎಚ್‌ಆರ್‌ಗೆ ಪ್ರತಿ ಕಳಿಸಿ. ಇಲ್ಲದಿದ್ದರೆ ಬಯೋಮೆಟ್ರಿಕ್ ಒಬ್ಬರನ್ನು ಆಬ್ಸೆಂಟ್ ಮಾಡುತ್ತದೆ, ನೈಟ್ ಅಲವೆನ್ಸ್ ಡ್ಯೂಟಿ ಮಾಡದವರಿಗೆ ಹೋಗುತ್ತದೆ. ರಾತ್ರಿ ಕ್ಯಾಬ್ ಇದ್ದರೆ ಡ್ರೈವರ್ ಪಟ್ಟಿಯಲ್ಲೂ ಹೆಸರು ಬದಲಾಗಲಿ. ಸೂಜಿ ಚುಚ್ಚಿಕೊಂಡಾಗ, ಮಾರ್ಫಿನ್ ಕಪಾಟಿನ ಲೆಕ್ಕ ತಪ್ಪಿದಾಗ ಮೊದಲು ತೆಗೆಯುವುದು ರೋಸ್ಟರನ್ನೇ. ಕಾಗದದ ಮೇಲಿನ ಹೆಸರೇ ವಾರ್ಡಿನಲ್ಲೂ ಇರಬೇಕು.

ಬದಲಿಗೆ ಒಪ್ಪಿದವರು ಬಾರದಿದ್ದರೆ ಗೈರು ಅವರದೇ, ಮೂಲ ಡ್ಯೂಟಿಯವರದ್ದಲ್ಲ. ಈ ಸಾಲನ್ನು ಚೀಟಿಯಲ್ಲೇ ಅಚ್ಚು ಹಾಕಿಸಿ. ಮನೆಯಲ್ಲಿ ಸಾವುನೋವು, ಮಗುವಿಗೆ ಜ್ವರ ಎಂದು ದಿಢೀರ್ ಫೋನ್ ಬಂದರೆ 24 ಗಂಟೆಯ ನಿಯಮ ಬಿಡಿ. ಆಗ ಬದಲಿ ಹುಡುಕುವ ಹೊಣೆ ನಿಮ್ಮದು, ಫೋನ್ ಮಾಡಿದವರದ್ದಲ್ಲ.