ಚಿತ್ರಪುಸ್ತಕ ಓದಿಸೋದು, ಮಳೆಗಾಲದಲ್ಲಿ ಕಾಪಾಡೋದು

ಎರಡರಿಂದ ನಾಲ್ಕು ವರ್ಷದ ಮಕ್ಕಳಿಗಾದರೆ ಮೊದಲ ಸಲ ಅಕ್ಷರ ಬಿಟ್ಟುಬಿಡಿ. ತೊಡೆ ಮೇಲೆ ಕೂರಿಸಿಕೊಂಡು ಬರೀ ಚಿತ್ರ ತೋರಿಸಿ, ಪುಟ ತಿರುವೋ ಕೆಲಸ ಮಗುವಿಗೇ ಕೊಡಿ. "ಇದೇನು?" ಅಂತ ಪುಟಕ್ಕೊಂದೇ ಸಲ ಕೇಳಿ, ಐದು ಎಣಿಸುವಷ್ಟು ಹೊತ್ತು ಸುಮ್ಮನಿರಿ. ಹೆಚ್ಚಿನವರು ಎಡವೋದು ಇಲ್ಲೇ: ಪರೀಕ್ಷೆ ಥರ ಕೇಳ್ತಾ ಹೋದರೆ ಮಗು ಎದ್ದು ಓಡುತ್ತೆ. ಅದು "ನಾಯಿ" ಅಂದರೆ ನೀವು "ಹೌದು, ಕಪ್ಪು ನಾಯಿ, ಮಲಗಿದೆ" ಅಂತ ಎರಡು ಪದ ಸೇರಿಸಿ. ಅದೇ ಪುಸ್ತಕ ಇಪ್ಪತ್ತನೇ ಸಲ ಬೇಕೆಂದರೂ ಓದಿ, ಪದ ಗಟ್ಟಿಯಾಗೋದೇ ಹಾಗೆ. ನಮಗೆ ಬೇಜಾರಾಗುತ್ತೆ, ಅದು ಬೇರೆ ಮಾತು.

ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ಕಿಂದರಿಜೋಗಿ ಐದು ವರ್ಷ ದಾಟಿದ ಮೇಲೆ ಸರಿ. ಉದ್ದ ಇದೆ, ಮೂರು ರಾತ್ರಿಗೆ ಹಂಚಿ. ಇಲಿಗಳು ಬರೋ ಕಡೆ ತಾಳ ಹಾಕಿ ಜೋರಾಗಿ ಓದಿ. ದುಡ್ಡು ಹಾಕದೆ ಶುರುಮಾಡೋರಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಪುಸ್ತಕಗಳು ಉಚಿತ, 1ನೇ ಹಂತದ್ದು ಆರಿಸಿ.

ಮೂಡಿಗೆರೆ, ಶೃಂಗೇರಿ ಕಡೆಯವರಿಗೆ ಬೂಷ್ಟಿನದೇ ಕಾಟ. ಪುಸ್ತಕ ಗೋಡೆಗೆ ಒತ್ತಿ ಇಡಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಹೊಳಪು ಕಾಗದ ಒದ್ದೆಯಾಗಿ ಹಾಗೇ ಒಣಗಿದರೆ ಪುಟಗಳು ಅಂಟಿಕೊಳ್ಳುತ್ತವೆ. ಹಸಿ ಇರುವಾಗಲೇ ಬಿಡಿಸಿ ನಡುವೆ ಬಿಳಿ ಹಾಳೆ ಇಡಿ. ನ್ಯೂಸ್ ಪೇಪರ್ ಬೇಡ, ಮಸಿ ಹತ್ತುತ್ತೆ.