‘ಫಿಕ್ಸ್’ ಪದಕ್ಕೆ ಕನ್ನಡ ಕೂರಿಸಿದ ಬಗೆ: ಪಂಪ್‌ಸೆಟ್ ಕೈಪಿಡಿಯ ಅನುವಾದದಲ್ಲಿ ನನ್ನ ಅನುಭವ

ಕೈಪಿಡಿ ಅನುವಾದ ಮಾಡುವ ಗೆಳೆಯರಿಗೆ ಇಂಗ್ಲಿಷಿನ ‘ಫಿಕ್ಸ್’ ಎಷ್ಟು ತಲೆ ತಿನ್ನುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಪದಪಟ್ಟಿಯಲ್ಲಿ ಇದಕ್ಕೆ ಒಂದೇ ಕನ್ನಡ ಇಡಬಾರದು, ಕೆಟ್ಟಿರುವುದು ಏನು ಅಂತ ನೋಡಿ ಕ್ರಿಯಾಪದ ಇಡಬೇಕು ಅಂತ ಮೂರ್ನಾಲ್ಕು ವರ್ಷದಿಂದ ಹೇಳುತ್ತಾ ಬಂದೆ. ಅನುವಾದದ ಕೆಲಸ ಕೊಡುವ ಏಜೆನ್ಸಿಯವರು ಒಪ್ಪಲಿಲ್ಲ. ಜೊತೆಯಲ್ಲಿ ಕೆಲಸ ಮಾಡುವವರೂ ಒಪ್ಪಲಿಲ್ಲ. “ಕಥೆ ಕಾದಂಬರಿಗೆ ಇದು ಸರಿ, ಕೈಪಿಡಿಗೆ ಆಗಲ್ಲ” ಅಂದರು. ಈಗ ಅದೇ ಏಜೆನ್ಸಿ ಹೊಸ ಅನುವಾದಕರಿಗೆ ಮೊದಲು ಕಳಿಸುವುದು ನನ್ನ ಪಟ್ಟಿಯನ್ನೇ. ಹಾಗಾಗಿ ಹೇಗೆ ಮಾಡಿದೆ ಅಂತ ಬರೆದಿಡುತ್ತಿದ್ದೇನೆ.

ಕೆಲಸ ಇದ್ದದ್ದು ತೋಟದ ಪಂಪ್‌ಸೆಟ್‌ಗಳ ಕೈಪಿಡಿ. ಸುಮಾರು 40 ಸಾವಿರ ಪದ. ಅದರಲ್ಲಿ ‘ಫಿಕ್ಸ್’ ಮುನ್ನೂರರ ಹತ್ತಿರ ಇತ್ತು, ‘ರಿಪೇರ್’ ಅದರ ಅರ್ಧದಷ್ಟು. ದರ ಪದಕ್ಕೆ ಒಂದೂಕಾಲು ರೂಪಾಯಿ. ಮರುಕಳಿಸುವ ಸಾಲಿಗೆ ಕಾಲು ಭಾಗ ಮಾತ್ರ. ಈ ಕಾಲು ಭಾಗದ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಏಜೆನ್ಸಿಯ ಟರ್ಮ್‌ಬೇಸ್‌ನಲ್ಲಿ, ಅಂದರೆ ಅನುವಾದ ತಂತ್ರಾಂಶದೊಳಗಿನ ಪದಪಟ್ಟಿಯಲ್ಲಿ, ‘ಫಿಕ್ಸ್’ ಎದುರು ಆಗಲೇ ‘ಸರಿಪಡಿಸು’ ಕೂತಿತ್ತು. ಅದನ್ನು ಮುಟ್ಟುವ ಹಾಗಿಲ್ಲ ಅಂತ ಅಪ್ಪಣೆ. ತಂಡದವರೆಲ್ಲ ಹಾಗೇ ಮಾಡಿ ಕೊಟ್ಟೆವು. ‘ಪಂಪನ್ನು ಕಾಂಕ್ರೀಟ್ ಕಟ್ಟೆಗೆ ಸರಿಪಡಿಸಿ’ ಅಂತ ಅಚ್ಚಾಯಿತು. ‘ಸ್ಟಾರ್ಟರನ್ನು ಗೋಡೆಗೆ ಸರಿಪಡಿಸಿ’ ಅಂತಲೂ ಬಂತು. ಡೀಲರುಗಳು ಪುಸ್ತಕ ವಾಪಸ್ ಕಳಿಸಿದರು. ಮರುಕೆಲಸಕ್ಕೆ ಬಿಡಿಗಾಸೂ ಇಲ್ಲ. ನನ್ನ ಪಾಲಿಗೇ ಹನ್ನೆರಡು ಹದಿಮೂರು ಸಾವಿರ ಹೋಯಿತು.

ಆಮೇಲೆ ಏಜೆನ್ಸಿಯವರು ಇನ್ನೊಂದು ದಾರಿ ಹಿಡಿದರು. ‘ಫಿಕ್ಸ್ ಮಾಡಿ’ ಅಂತಲೇ ಬಿಡಿ, ಎಲ್ಲರಿಗೂ ಅರ್ಥವಾಗುತ್ತದೆ ಅಂದರು. ನಾನು ಬೇಡ ಅಂದೆ. ನಮ್ಮ ಜನ ‘ಫಿಕ್ಸ್’ ಬಳಸುವುದು ಎರಡು ಕಡೆ. ಮದುವೆ ಫಿಕ್ಸ್ ಆಯ್ತು, ರೇಟ್ ಫಿಕ್ಸ್ ಮಾಡಿದೆವು ಅನ್ನುವಾಗ ಗೊತ್ತುಮಾಡುವುದು. ಫ್ಯಾನ್ ಫಿಕ್ಸ್ ಮಾಡಿ ಅನ್ನುವಾಗ ಜೋಡಿಸಿ ಕೂರಿಸುವುದು. ಕೆಟ್ಟದ್ದನ್ನು ಸರಿಮಾಡುವುದಕ್ಕೆ ಆ ಪದ ಬೀದಿಯಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಅದಕ್ಕೆ ‘ರಿಪೇರಿ’ ಇದೆ. ಸಾಫ್ಟ್‌ವೇರ್ ಕಚೇರಿಯಲ್ಲಿ ಬಗ್ ಫಿಕ್ಸ್ ಅನ್ನುತ್ತಾರೆ, ಆದರೆ ಪಂಪ್‌ಸೆಟ್ ಕೊಳ್ಳುವವರು ಅಲ್ಲಿಲ್ಲ. ‘ಪೈಪನ್ನು ಫಿಕ್ಸ್ ಮಾಡಿ’ ಅಂದರೆ ರೈತ ಪೈಪ್ ಜೋಡಿಸುತ್ತಾನೆ. ಒಡೆದ ಪೈಪ್ ಹಾಗೇ ಉಳಿಯುತ್ತದೆ. ಆದರೂ ಒಂದು ಅಧ್ಯಾಯ ಹಾಗೆ ಮಾಡಿಸಿದರು, ಅದೂ ವಾಪಸ್ ಬಂತು.

ಮೂರನೇ ದಾರಿ ನಿಘಂಟು. ಇಂಗ್ಲಿಷ್ ನಿಘಂಟಿನ ಅರ್ಥಗಳಿಗೆಲ್ಲ ನಂಬರ್ ಹಾಕಿ, ಒಂದೊಂದಕ್ಕೆ ಒಂದೊಂದು ಕನ್ನಡ ಕೊಟ್ಟು ಹಂಚಿದರು. ಯಾವ ಸಾಲು ಯಾವ ನಂಬರಿಗೆ ಸೇರುತ್ತದೆ ಅಂತ ಒಬ್ಬೊಬ್ಬರದು ಒಂದೊಂದು ವಾದ. ಕೆಲಸದ ವೇಗ ಅರ್ಧಕ್ಕೆ ಇಳಿಯಿತು. ಪದಕ್ಕೆ ದುಡ್ಡು ಪಡೆಯುವವನಿಗೆ ವೇಗ ಅರ್ಧವಾದರೆ ಸಂಪಾದನೆಯೂ ಅರ್ಧ, ಅಲ್ವಾ?

ಅಷ್ಟು ಹೊತ್ತಿಗೆ ನಾನು ಕರಡು ಪುಟಗಳನ್ನು ಸುಟ್ಟ ಮೋಟಾರಿಗೆ ತಂತಿ ಸುತ್ತುವ ತುಮಕೂರಿನ ಒಂದು ರಿವೈಂಡಿಂಗ್ ಅಂಗಡಿಗೆ ಒಯ್ಯಲು ಶುರುಮಾಡಿದ್ದೆ. ದೋಷ ಹುಡುಕುವ ಕೋಷ್ಟಕದಲ್ಲಿ ‘ಸೋರಿಕೆಯನ್ನು ಸರಿಪಡಿಸಿ’ ಅನ್ನುವ ಸಾಲಿನ ಮೇಲೆ ಅಲ್ಲಿನ ಯಜಮಾನರು ಬೆರಳಿಟ್ಟರು.

“ಸೋರೋದನ್ನ ನಿಲ್ಸೋದು ಸಾರ್. ಸರಿಪಡಿಸೋದು ಪಂಪನ್ನ.”

“ಹಾಗಾದ್ರೆ ‘ನಿಲ್ಲಿಸಿ’ ಅಂತ ಬರೀಲಾ ಯಜಮಾನ್ರೇ?”

“ಎಲ್ಲಿ ಸೋರ್ತಿದೆ ಅಂತ ಮೊದಲು ಹೇಳಿ.”

ಇಡೀ ವಿಧಾನ ಹುಟ್ಟಿದ್ದು ಈ ಮಾತಿನಿಂದ. ಶಾಫ್ಟಿನ ಸುತ್ತ ಹಗ್ಗದಂಥ ಗ್ಲ್ಯಾಂಡ್ ಪ್ಯಾಕಿಂಗ್ ತುರುಕಿರುವ ಪಂಪಿನಲ್ಲಿ ನೀರು ಹನಿ ಹನಿ ಬರಲೇಬೇಕು. ಆ ನೀರೇ ಪ್ಯಾಕಿಂಗನ್ನೂ ಶಾಫ್ಟನ್ನೂ ತಂಪಾಗಿಡುತ್ತದೆ. ‘ಸೋರುವುದನ್ನು ನಿಲ್ಲಿಸಿ’ ಅಂತ ಬರೆದರೆ ಓದಿದವನು ನಟ್ಟನ್ನು ಪೂರ್ತಿ ಬಿಗಿಯುತ್ತಾನೆ. ಪ್ಯಾಕಿಂಗ್ ಸುಡುತ್ತದೆ, ಶಾಫ್ಟಿಗೆ ಗೀರು ಬೀಳುತ್ತದೆ. ಅಲ್ಲಿಗೆ ಬೇಕಾದದ್ದು ‘ಹನಿ ಹನಿ ಬರುವಷ್ಟಕ್ಕೆ ಎರಡೂ ನಟ್ಟು ಸಮವಾಗಿ ಬಿಗಿಯಿರಿ’. ಮೆಕ್ಯಾನಿಕಲ್ ಸೀಲ್ ಇರುವ ಪಂಪಾದರೆ ಬಿಗಿಯುವ ಮಾತಿಲ್ಲ, ಸೀಲ್ ಬದಲಿಸಬೇಕು. ನೀರು ಎಳೆಯುವ ಸಕ್ಷನ್ ಪೈಪಿನ ಜಾಯಿಂಟಾದರೆ ನೀರು ಹೊರಗೆ ಬರುವುದಕ್ಕಿಂತ ಗಾಳಿ ಒಳಗೆ ಹೋಗುವುದೇ ತೊಂದರೆ, ಅಲ್ಲಿ ಟೇಪ್ ಸುತ್ತಿ ಮತ್ತೆ ತಿರುಗಿಸಬೇಕು. ಆ ಪೈಪಿನ ಕೆಳತುದಿಯ ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿ ನೀರು ಇಳಿದುಹೋಗುತ್ತಿದ್ದರೆ ಕಸ ತೆಗೆಯಬೇಕು. ಇಂಗ್ಲಿಷಿನಲ್ಲಿ ನಾಲ್ಕಕ್ಕೂ ಒಂದೇ ಸಾಲು, ‘ಫಿಕ್ಸ್ ದಿ ಲೀಕ್’. ಕನ್ನಡದಲ್ಲಿ ನಾಲ್ಕು ಬೇರೆ ಕೆಲಸ.

ಆಮೇಲೆ ನಾನು ಮಾಡಿದ್ದು ಇಷ್ಟು. ‘ಫಿಕ್ಸ್’, ‘ರಿಪೇರ್’, ‘ರೆಕ್ಟಿಫೈ’ ಇರುವ ಸಾಲುಗಳನ್ನೆಲ್ಲ ಒಮೆಗಾಟಿ ಅನ್ನುವ ಅನುವಾದ ತಂತ್ರಾಂಶದಲ್ಲಿ ಹುಡುಕಿ ಎಕ್ಸೆಲ್‌ಗೆ ಹಾಕಿದೆ. ಇಂಗ್ಲಿಷ್ ಕ್ರಿಯಾಪದ ಇದ್ದ ಕಾಲಮ್ಮನ್ನೇ ಮುಚ್ಚಿಬಿಟ್ಟೆ. ಮೊದಲ ಕಾಲಮ್ಮಿಗೆ ವಸ್ತು, ಎರಡನೆಯದಕ್ಕೆ ಅದು ಹೇಗೆ ಕೆಟ್ಟಿದೆ ಅನ್ನುವುದು: ಸಡಿಲ, ಸವೆತ, ಸುಟ್ಟದ್ದು, ಒಡೆದದ್ದು, ಕಟ್ಟಿಕೊಂಡದ್ದು. ವಸ್ತು ಕೆಟ್ಟೇ ಇಲ್ಲದಿದ್ದರೆ ಅಲ್ಲಿ ‘ಹೊಸ ಜೋಡಣೆ’. ಮೂರನೇ ಕಾಲಮ್ಮಿನಲ್ಲಿ ಕನ್ನಡ ಕ್ರಿಯಾಪದ. ವಸ್ತುವಿನ ಮೇಲೆ ಸಾರ್ಟ್ ಮಾಡಿದರೆ ಅಷ್ಟೂ ಸಾಲು ಇಪ್ಪತ್ತು ಇಪ್ಪತ್ತೆರಡು ಗುಂಪಿಗೆ ಇಳಿಯುತ್ತದೆ. ಮೋಟಾರ್ ಸುಟ್ಟರೆ ವೈಂಡಿಂಗ್ ಮಾಡಿಸಿ. ಬುಷ್ ಸವೆದರೆ ಹೊಸದು ಹಾಕಿ. ವೈರ್ ಸಡಿಲವಿದ್ದರೆ ಟೈಟ್ ಮಾಡಿ. ಹೀಗೆ. ‘ಸರಿಪಡಿಸಿ’ ಉಳಿದದ್ದು ಹತ್ತರಲ್ಲಿ ಒಂದು ಕಡೆ ಮಾತ್ರ.

ಸಂಕೋಚವಿಲ್ಲದೆ ಹೇಳುತ್ತೇನೆ, ಈ ಪಟ್ಟಿ ಚೆನ್ನಾಗಿ ಬಂದಿದೆ. ಅದೇ ಅಂಗಡಿಗೆ ಹೊಸ ಪುಟ ಒಯ್ದಾಗ ಯಜಮಾನರ ಹುಡುಗ ಒಂದೇ ಉಸಿರಿಗೆ ಓದಿದ. ಎಲ್ಲೂ ನಿಲ್ಲಿಸಿ ಕೇಳಲಿಲ್ಲ. ಡೀಲರುಗಳಿಂದ ಆಮೇಲೆ ಒಂದು ದೂರೂ ಬಂದಿಲ್ಲ.

ಏಜೆನ್ಸಿಯನ್ನು ಒಪ್ಪಿಸುವುದೇ ಜಾಸ್ತಿ ಕಷ್ಟವಾಯಿತು. ಅನುವಾದದ ತಪ್ಪು ಹಿಡಿಯುವ ಅವರ ಕ್ಯೂಎ ಟೂಲ್ ಒಂದೇ ಇಂಗ್ಲಿಷ್ ಸಾಲಿಗೆ ಎರಡು ಕನ್ನಡ ಕಂಡರೆ ಕೆಂಪು ಗುರುತು ಹಾಕುತ್ತದೆ. ನನ್ನ ಫೈಲಿನಲ್ಲಿ ಇನ್ನೂರಕ್ಕೂ ಮಿಕ್ಕಿ ಕೆಂಪು. “ಇದನ್ನು ಗ್ರಾಹಕರಿಗೆ ತೋರಿಸೋಕೆ ಆಗಲ್ಲ” ಅಂದರು. ಟೂಲಿಗೆ ಒಂದು ನಿಯಮ ಬರೆದುಕೊಟ್ಟೆ. ಹಿಂದಿನ ಸಾಲಿನಲ್ಲಿರುವ ವಸ್ತುವನ್ನು ನೋಡಿ ಅದು ಗುರುತು ಹಾಕುತ್ತದೆ. ಕೆಂಪು ಹತ್ತು ಹನ್ನೆರಡಕ್ಕೆ ಇಳಿಯಿತು. ಆ ನಿಯಮವನ್ನು ಇಲ್ಲಿ ಹಾಕುವುದಿಲ್ಲ, ನನಗೆ ಕೆಲಸ ತಂದುಕೊಡುತ್ತಿರುವುದೇ ಅದು.

ಈಗ ಆ ಕಾಲು ಭಾಗದ ಲೆಕ್ಕ. ‘ಫಿಕ್ಸ್ ದಿ ಲೀಕ್’ ಮೂವತ್ತು ಸಲ ಬಂದರೆ ಇಪ್ಪತ್ತೊಂಬತ್ತಕ್ಕೆ ಕಾಲು ದರ. ನಾವು ಮಾತ್ರ ಪ್ರತಿ ಸಲವೂ ಮೇಲೆ ಕೆಳಗೆ ಓದಿ ಬೇರೆ ಕನ್ನಡ ಇಡಬೇಕು. ಪದದ ಲೆಕ್ಕದಲ್ಲಿ ಇದು ಯಾವತ್ತೂ ಗಿಟ್ಟುವುದಿಲ್ಲ. ಪದಪಟ್ಟಿಯ ಕೆಲಸಕ್ಕೆ ಗಂಟೆ ಲೆಕ್ಕದಲ್ಲಿ ಬೇರೆ ಬಿಲ್ ಕೊಡಿ. ನಾನು ಕೇಳಿದ್ದು ಹದಿನೈದು ಸಾವಿರ, ಮೊದಲು ಆಗಲ್ಲ ಅಂದು ಕೊನೆಗೆ ಹನ್ನೊಂದು ಕೊಟ್ಟರು. ಎರಡನೇ ಕೈಪಿಡಿಯಿಂದ ಪದದ ದರವೂ ನಲವತ್ತು ಪೈಸೆಯಷ್ಟು ಏರಿತು.

ಈ ನಡುವೆ ಕೆಲಸಕ್ಕೆ ಬಾರದ ಕಡೆಗೂ ಹೋದೆ, ಆದರೆ ಖುಷಿ ಕೊಟ್ಟಿತು. ವಿ. ಕೃಷ್ಣ ಅವರ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 2019ರಿಂದ ಎಲ್ಲರಿಗೂ ಮುಕ್ತವಾಗಿದೆಯಲ್ಲ, ಅದರ ಕಡತ ಇಳಿಸಿಕೊಂಡು ಉಲ್ಟಾ ಹುಡುಕಿದೆ. ಅಂದರೆ ಇಂಗ್ಲಿಷ್ ವಿವರಣೆಯಲ್ಲಿ ‘ಮೆಂಡ್’, ‘ರಿಪೇರ್’ ಇರುವ ಕನ್ನಡ ಪದಗಳನ್ನು ಹೆಕ್ಕಿದೆ. ಅದರ ಜೊತೆಗೆ ಮನೆಯಲ್ಲೂ ಸಂತೆಯಲ್ಲೂ ಕೇಳಿದ್ದನ್ನು ಸೇರಿಸಿದೆ. ಹರಿದ ಅಂಗಿಗೆ ತೇಪೆ ಹಾಕುತ್ತೇವೆ, ರೇಷ್ಮೆ ಸೀರೆಗೆ ರಫೂ ಮಾಡಿಸುತ್ತೇವೆ. ಚಪ್ಪಲಿ ಹೊಲಿಸುತ್ತೇವೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತೇವೆ. ಮಲೆನಾಡಿನಲ್ಲಿ ಮಳೆಗೆ ಮೊದಲು ಹೆಂಚು ಕೈಯಾಡಿಸುತ್ತಾರೆ. ಉಳುಕಿದ ಕಾಲು ನೀವಿಸುತ್ತೇವೆ, ಮುರಿದ ಮೂಳೆ ಕೂರಿಸಿ ಕಟ್ಟಿಸುತ್ತೇವೆ. ಟಯರಿಗಂತೂ ‘ಪಂಚರ್ ಹಾಕಿಸುತ್ತೇವೆ’! ಎಲ್ಲದಕ್ಕೂ ‘ರಿಪೇರಿ’ ಅನ್ನಬಹುದು, ಆದರೆ ಕೈ ಯಾವ ಕೆಲಸ ಮಾಡುತ್ತದೆ ಅನ್ನುವುದು ಕಾಣುವುದಿಲ್ಲ.

ಹಳೆಯ ಶಾಸನಗಳನ್ನೂ ಸ್ವಲ್ಪ ತಿರುವಿಹಾಕಿದೆ. ದೇವಸ್ಥಾನಕ್ಕೆ ದತ್ತಿ ಬಿಟ್ಟ ಕಡೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಅಂತ ಮತ್ತೆ ಮತ್ತೆ ಬರುತ್ತದೆ. ಮುರಿದದ್ದು, ಬಿರುಕು ಬಿಟ್ಟದ್ದು, ಹಳತಾದದ್ದು. ಕೆಟ್ಟ ಬಗೆಯನ್ನು ಮೊದಲು ಹೇಳಿ ಆಮೇಲೆ ಕೆಲಸ ಹೇಳುವುದು ಆಗಲೂ ಇತ್ತು. ಏಜೆನ್ಸಿಯವರಿಗೆ ಇದನ್ನೂ ಕಳಿಸಿದೆ.

ದುರಸ್ತಿಯೋ ರಿಪೇರಿಯೋ ಅನ್ನುವುದಕ್ಕೂ ಧಾರವಾಡ, ಮೈಸೂರು, ಮಂಗಳೂರಿನ ಗೆಳೆಯರಿಗೆ ಸಾಲುಗಳನ್ನು ಕಳಿಸಿ ಓದಿಸಿದೆ. ಧಾರವಾಡದ ಕಡೆಯವರಿಗೆ ‘ದುರಸ್ತಿ’ ನಾಲಿಗೆಯ ಮೇಲೇ ಇದೆ, ಮೈಸೂರಿನವರಿಗೆ ಅದು ಪೇಪರಿನ ಮಾತು. ‘ರಿಪೇರಿ’ಗೆ ಯಾರೂ ತಕರಾರು ಮಾಡಲಿಲ್ಲ. ತಲೆಬರಹಗಳಲ್ಲಿ ‘ದುರಸ್ತಿ’, ಸಾಲುಗಳಲ್ಲಿ ‘ರಿಪೇರಿ’ ಇಟ್ಟೆ.

ಈ ವಿಧಾನ ಎಡವುವ ಜಾಗ ಒಂದಿದೆ. ಮೊಬೈಲ್ ಆ್ಯಪ್‌ನ ಬಟನ್. ಅಲ್ಲಿ ಬರೀ ‘ಫಿಕ್ಸ್’ ಅಂತಿರುತ್ತದೆ, ವಸ್ತುವೇ ಇರುವುದಿಲ್ಲ. ಆ್ಯಪ್‌ನ ಸಾಲುಗಳು ಅನುವಾದಕ್ಕೆ ಬರುವ ಪಿಒ ಫೈಲಿನಲ್ಲಿ ಡೆವಲಪರ್ ಟಿಪ್ಪಣಿ ಇದ್ದರೆ ಬದುಕಿದೆವು. ಇಲ್ಲದಿದ್ದರೆ ಸುಮ್ನೆ ಊಹಿಸಬೇಡಿ, ಸ್ಕ್ರೀನ್‌ಶಾಟ್ ಕೇಳಿ. ಮೂರು ಸಲ ಕೇಳಿದರೆ ಒಮ್ಮೆ ಕಳಿಸುತ್ತಾರೆ. ಬರದೇ ಹೋದರೆ ನಾನು ಇಡುವುದು ‘ಸರಿಮಾಡಿ’. ‘ಸರಿಪಡಿಸಿ’ಗಿಂತ ಬಟನ್ನಿನಲ್ಲಿ ಚೆನ್ನಾಗಿ ಹಿಡಿಸುತ್ತದೆ.

ಸದ್ಯ ಹೊಲಿಗೆ ಯಂತ್ರದ ಕೈಪಿಡಿ ಹಿಡಿದಿದ್ದೇನೆ. ಪಂಪಿನ ಗುಂಪುಗಳಲ್ಲಿ ಅರ್ಧ ಇಲ್ಲಿಗೆ ಹೊಂದುವುದಿಲ್ಲ, ಟೈಲರ್ ಅಂಗಡಿಗಳಿಗೆ ಹೊಸದಾಗಿ ಓಡಾಡುತ್ತಿದ್ದೇನೆ. ಪಂಪ್‌ಸೆಟ್ ಪಟ್ಟಿಯ ಮೊದಲ ಎರಡು ಕಾಲಮ್ ಕೇಳಿದವರಿಗೆ ಕೊಡುತ್ತೇನೆ. ಮೂರನೆಯದನ್ನು ನಿಮ್ಮೂರಿನ ಮೆಕ್ಯಾನಿಕ್ ಹತ್ತಿರ ಕೂತು ನೀವೇ ತುಂಬಿಸಿಕೊಳ್ಳಿ.